ಗೆರೆಯನ್ನು ಗೆರೆಯಿಂದ ಗುಣಿಸುವುದು: ಡೆಕಾರ್ಟ್‌ನ ಬೀಜಗಣಿತ ಕೈವಾರದಲ್ಲಿ

ರೆನೆ ಡೆಕಾರ್ಟ್ ಎಂದೊಡನೆ ಗ್ರಾಫ್ ಹಾಳೆ ನೆನಪಾಗುತ್ತದೆ. ಆದರೆ 1637ರಲ್ಲಿ ಲೈಡನ್‌ನಲ್ಲಿ ಅಚ್ಚಾದ ಅವನ ‘ಜ್ಯಾಮಿತಿ’ಯಲ್ಲಿ ಇಂದಿನ ಚೌಕುಳಿ ಗ್ರಾಫ್ ಒಂದೂ ಇಲ್ಲ. ಮೊದಲ ಪುಟಗಳಲ್ಲಿ ಇರುವುದು ಇನ್ನೂ ಸರಳವಾದ ಒಂದು ಕೆಲಸ: ಕೂಡು, ಕಳೆ, ಗುಣಿಸು, ಭಾಗಿಸು, ಮೂಲ ತೆಗೆ ಎಂಬ ಐದನ್ನೂ ಗೆರೆಗಳ ಮೇಲೆ ಮಾಡುವುದು. ತತ್ತ್ವಜ್ಞಾನಿಯೊಬ್ಬ ಗಣಿತದ ದಿಕ್ಕು ತಿರುಗಿಸಿದ್ದು ಎಲ್ಲಿ ಎಂದು ತಿಳಿಯಬೇಕಿದ್ದರೆ ಅದನ್ನು ಓದುವುದಕ್ಕಿಂತ ಬಿಡಿಸಿ ನೋಡುವುದು ಮೇಲು.

ಗೆರೆಯಿಲ್ಲದ ಎ4 ಹಾಳೆ, 30 ಸೆಂ.ಮೀ. ಅಳತೆಪಟ್ಟಿ, ತಿರುಪು ಬಿಗಿಯಾಗಿರುವ ಕೈವಾರ, ಜೋಡಿ ಮೂಲೆಮಟ್ಟ, ಮೊನಚು ಪೆನ್ಸಿಲ್ ಸಾಕು. ಬಿಂದುಗಳಿಗೆ ಕ, ಗ, ಚ ಮುಂತಾದ ಅಕ್ಷರಗಳನ್ನೂ, ಕಂಡುಹಿಡಿಯಬೇಕಾದ ಬೆಲೆಗೆ ‘ಯ’ ಎಂದೂ ಇಟ್ಟುಕೊಳ್ಳೋಣ.

ಮೊದಲು ‘ಒಂದು’ ಎಷ್ಟುದ್ದ ಎಂದು ಗೊತ್ತುಮಾಡಿ

ಡೆಕಾರ್ಟ್‌ಗಿಂತ ಹಿಂದಿನವರಿಗೆ ಗೆರೆಯನ್ನು ಗೆರೆಯಿಂದ ಗುಣಿಸಿದರೆ ಬರುತ್ತಿದ್ದುದು ಆಯತ. ಮೂರು ಗೆರೆ ಗುಣಿಸಿದರೆ ಘನಾಕೃತಿ. ನಾಲ್ಕಾದರೆ ಚಿತ್ರವೇ ಇಲ್ಲ. ವಿಯೆಟ್‌ನಂಥ ದೊಡ್ಡ ಬೀಜಗಣಿತಜ್ಞನೂ ಉದ್ದಕ್ಕೆ ವಿಸ್ತೀರ್ಣವನ್ನು ಕೂಡಿಸುವಂತಿಲ್ಲ ಎಂಬ ಕಟ್ಟಳೆಯನ್ನು ಪಾಲಿಸುತ್ತಿದ್ದ. ಡೆಕಾರ್ಟ್ ಮಾಡಿದ್ದು ಇಷ್ಟೇ: ಯಾವುದೋ ಒಂದು ಗೆರೆಯನ್ನು ‘ಇದೇ ಒಂದು’ ಎಂದು ಹಿಡಿದ. ಆಮೇಲೆ ಗುಣಲಬ್ಧವೂ ಗೆರೆಯೇ, ವರ್ಗವೂ ಗೆರೆಯೇ, ಐದನೆಯ ಘಾತವೂ ಗೆರೆಯೇ.

ಇಲ್ಲಿ ಒಂದು ಏಕಮಾನ ಎಂದರೆ 2 ಸೆಂ.ಮೀ. ಇರಲಿ. ಹಾಳೆಯ ಮೂಲೆಯಲ್ಲಿ ಬರೆದಿಡಿ. ಒಂದೇ ರಚನೆಯ ನಡುವೆ ಬದಲಾಯಿಸಿದರೆ ಉತ್ತರ ಕೆಡುತ್ತದೆ.

ಗುಣಾಕಾರ: 3 × 2.5

ಬಿಂದು ಬ ಗುರುತಿಸಿ, ಅಲ್ಲಿಂದ ಸುಮಾರು 50 ಡಿಗ್ರಿ ಕೋನದಲ್ಲಿ ಎರಡು ಗೆರೆ ಎಳೆಯಿರಿ. ಒಂದರ ಮೇಲೆ ಬ-ಕ = 2 ಸೆಂ.ಮೀ. (ಏಕಮಾನ) ಮತ್ತು ಬ-ಡ = 6 ಸೆಂ.ಮೀ. (3 ಏಕಮಾನ), ಇನ್ನೊಂದರ ಮೇಲೆ ಬ-ಗ = 5 ಸೆಂ.ಮೀ. (2.5 ಏಕಮಾನ) ಗುರುತಿಸಿ. ಕ-ಗ ಸೇರಿಸಿ. ಒಂದು ಮೂಲೆಮಟ್ಟವನ್ನು ಕ-ಗ ಮೇಲಿಟ್ಟು, ಇನ್ನೊಂದನ್ನು ಅದಕ್ಕೆ ಆನಿಸಿ ಒತ್ತಿಹಿಡಿದು, ಮೊದಲನೆಯದನ್ನು ಡ ತನಕ ಜಾರಿಸಿ ಸಮಾಂತರ ಗೆರೆ ಎಳೆಯಿರಿ. ಅದು ಎರಡನೆಯ ಗೆರೆಯನ್ನು ಮುಟ್ಟುವ ಬಿಂದು ಚ. ಬ-ಚ ಅಳೆದರೆ 15 ಸೆಂ.ಮೀ., ಅಂದರೆ 7.5 ಏಕಮಾನ.

ಕಾರಣ ಹಳೆಯದೇ, ಥೇಲ್ಸ್ ಪ್ರಮೇಯ: ಬ-ಚ ಮತ್ತು ಬ-ಗ ನಡುವಿನ ಅನುಪಾತ ಬ-ಡ ಮತ್ತು ಬ-ಕ ನಡುವಿನದೇ. ಇವೇ 6 ಮತ್ತು 5 ಸೆಂ.ಮೀ. ಗೆರೆಗಳನ್ನು ಇಟ್ಟುಕೊಂಡು ಏಕಮಾನವನ್ನು 3 ಸೆಂ.ಮೀ. ಮಾಡಿ ನೋಡಿ, ಗುಣಲಬ್ಧ 10 ಸೆಂ.ಮೀ.ಗೆ ಇಳಿಯುತ್ತದೆ. ಗುಣಲಬ್ಧದ ಉದ್ದ ನಾವು ಹಿಡಿದ ‘ಒಂದ’ನ್ನೇ ಅವಲಂಬಿಸಿದೆ ಎಂಬುದು ಬೆರಳಿಗೇ ತಿಳಿಯುವುದು ಇಲ್ಲಿ. ಕೋನ 20 ಡಿಗ್ರಿಗಿಂತ ಕಿರಿದಾದರೆ ಗೆರೆಗಳು ಓರೆಯಾಗಿ ಸಂಧಿಸಿ ಚ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಭಾಗಾಕಾರಕ್ಕೆ ಇದನ್ನೇ ಹಿಂದುಮುಂದು ಮಾಡಿ: ಚ-ಡ ಸೇರಿಸಿ, ಕ ಮೂಲಕ ಸಮಾಂತರ ಎಳೆಯಿರಿ.

ವರ್ಗಮೂಲ: √5

ಒಂದೇ ನೇರದಲ್ಲಿ ಪ-ಗ = 2 ಸೆಂ.ಮೀ. (ಏಕಮಾನ), ಅದರ ಮುಂದುವರಿಕೆಯಾಗಿ ಗ-ಹ = 10 ಸೆಂ.ಮೀ. (5 ಏಕಮಾನ). ಒಟ್ಟು 12 ಸೆಂ.ಮೀ.; ನಡುಬಿಂದುವಿನಿಂದ 6 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ. ಗ ಬಿಂದುವಿನಲ್ಲಿ ಲಂಬ ಎತ್ತಿ. ಅದು ವೃತ್ತವನ್ನು ಮುಟ್ಟುವವರೆಗಿನ ಉದ್ದ 4.47 ಸೆಂ.ಮೀ. ಬರಬೇಕು, ಅಂದರೆ 2.236 ಏಕಮಾನ. ಕೈವಾರದ ಮುಳ್ಳು ಹ ಕಡೆಗೆ 2 ಮಿ.ಮೀ. ಸರಿದು, ವೃತ್ತ ಪ ಮೂಲಕವೇ ಹೋದರೆ, ಲಂಬ ಸುಮಾರು 1 ಮಿ.ಮೀ. ಹೆಚ್ಚಾಗುತ್ತದೆ. ಆದ್ದರಿಂದ ಅಳೆಯುವ ಮುನ್ನ ವೃತ್ತ ಪ ಮತ್ತು ಹ ಎರಡರ ಮೂಲಕವೂ ಹಾದಿದೆಯೇ ನೋಡಿಕೊಳ್ಳಿ.

ವರ್ಗಸಮೀಕರಣ: ಯ² = 6ಯ + 16

ಈಗ ಏಕಮಾನ 1 ಸೆಂ.ಮೀ. ಇರಲಿ. 16ರ ಮೂಲ 4, 6ರ ಅರ್ಧ 3. ಲ-ಮ = 4 ಸೆಂ.ಮೀ. ಎಳೆದು, ಲ ಬಿಂದುವಿನಲ್ಲಿ ಲಂಬವಾಗಿ ಲ-ನ = 3 ಸೆಂ.ಮೀ. ಎಳೆಯಿರಿ. ನ ಕೇಂದ್ರವಾಗಿ 3 ಸೆಂ.ಮೀ. ತ್ರಿಜ್ಯದ ವೃತ್ತ. ಮ-ನ ಸೇರಿಸಿ ಆಚೆಗೂ ಚಾಚಿ. ಗೆರೆ ವೃತ್ತವನ್ನು ಮ ಹತ್ತಿರ ಪ ಬಿಂದುವಿನಲ್ಲೂ ಆಚೆ ತುದಿಯಲ್ಲಿ ವ ಬಿಂದುವಿನಲ್ಲೂ ಕಡಿಯುತ್ತದೆ. ಮ-ವ = 8 ಸೆಂ.ಮೀ. ಅದೇ ಉತ್ತರ: 64 = 48 + 16.

ಲ-ಮ ಈ ವೃತ್ತಕ್ಕೆ ಸ್ಪರ್ಶಕ. ಸ್ಪರ್ಶಕದ ವರ್ಗ ಮ-ಪ ಮತ್ತು ಮ-ವ ಇವೆರಡರ ಗುಣಲಬ್ಧಕ್ಕೆ ಸಮ ಎಂಬುದು ಯೂಕ್ಲಿಡ್‌ನ ಕಾಲದ ಮಾತು. ಪ-ವ ವ್ಯಾಸ, ಅಂದರೆ 6. ಹಾಗಾಗಿ ಯ(ಯ − 6) = 16. ಚಿತ್ರವೇ ಸಮೀಕರಣ.

ತಪ್ಪುಗಳು ತಮ್ಮ ಗುರುತು ಬಿಟ್ಟೇ ಹೋಗುತ್ತವೆ. ಉತ್ತರ 13.2 ಬಂದರೆ 6ನ್ನು ಅರ್ಧ ಮಾಡಲು ಮರೆತಿದ್ದೀರಿ. 19.3 ಬಂದರೆ 16ರ ಮೂಲ ತೆಗೆಯದೆ ಹಾಗೆಯೇ ಎಳೆದಿದ್ದೀರಿ (ಹಾಳೆ ಸಾಲದೆ ಹೋದಾಗಲೇ ಅನುಮಾನ ಬರಬೇಕಿತ್ತು). ಕೊನೆಯ ಪದ ಪೂರ್ಣವರ್ಗವಲ್ಲದಿದ್ದರೆ, ಉದಾಹರಣೆಗೆ 5 ಆಗಿದ್ದರೆ, ಮೇಲಿನ ವರ್ಗಮೂಲದ ರಚನೆಯನ್ನು ಮೊದಲು ಮಾಡಿಕೊಂಡು ಆ ಉದ್ದವನ್ನೇ ಕೈವಾರದಲ್ಲಿ ಎತ್ತಿ ತನ್ನಿ. ಅಳತೆಪಟ್ಟಿಯಿಂದ ಓದಿ ಮತ್ತೆ ಎಳೆದರೆ ತಪ್ಪು ಎರಡು ಸಲ ಸೇರುತ್ತದೆ.

ಮ-ಪ = 2 ಎಂಬುದನ್ನೂ ಗಮನಿಸಿ. ಇನ್ನೊಂದು ಮೂಲ −2. ಅಂಥ ಋಣ ಮೂಲಗಳಿಗೆ ಡೆಕಾರ್ಟ್ ಕೊಟ್ಟ ಹೆಸರು ‘ಸುಳ್ಳು ಮೂಲ’. ಈ ರಚನೆಯಲ್ಲಿ ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಯ² = 10ಯ − 16 ಆದರೆ ಚಿತ್ರ ತುಸು ಬೇರೆ. ಲ-ನ = 5, ಲ-ಮ = 4, ನ ಕೇಂದ್ರವಾಗಿ 5 ಸೆಂ.ಮೀ. ವೃತ್ತ, ಮ ಮೂಲಕ ಲ-ನ ಗೆರೆಗೆ ಸಮಾಂತರ. ಸಮಾಂತರ ಗೆರೆ ವೃತ್ತವನ್ನು ಎರಡು ಕಡೆ ಕಡಿಯುತ್ತದೆ. ಮ ಬಿಂದುವಿನಿಂದ ಅವುಗಳ ದೂರ 2 ಮತ್ತು 8, ಎರಡೂ ಉತ್ತರ. 16ರ ಬದಲು 25 ಇಟ್ಟರೆ ಗೆರೆ ವೃತ್ತವನ್ನು ಒಂದೇ ಕಡೆ ಸವರಿ ಹೋಗುತ್ತದೆ. 36 ಇಟ್ಟರೆ ಮುಟ್ಟುವುದೇ ಇಲ್ಲ. ಕೈವಾರ ಕೆಟ್ಟಿದೆ ಎಂದುಕೊಳ್ಳಬೇಡಿ, ಸಮೀಕರಣಕ್ಕೆ ವಾಸ್ತವ ಮೂಲವಿಲ್ಲ. ಇಂಥವನ್ನು ಕರೆಯಲು ‘ಕಾಲ್ಪನಿಕ’ ಎಂಬ ಪದವನ್ನು ಬಳಕೆಗೆ ತಂದದ್ದೂ ಇದೇ ಪುಸ್ತಕ.

ವಕ್ರರೇಖೆಗೆ ಲಂಬ

ತನಗೆ ಗೊತ್ತಿರುವ ಸಮಸ್ಯೆಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದದ್ದು ಇದು ಎಂದು ಡೆಕಾರ್ಟ್ ಬರೆದ. ಮಸೂರದ ಮೈ ಮೇಲೆ ಬಿದ್ದ ಬೆಳಕು ಎತ್ತ ಬಾಗುತ್ತದೆ ಎಂದು ಹೇಳಲು ಆ ಬಿಂದುವಿನ ಲಂಬ ಬೇಕೇ ಬೇಕು, ಮತ್ತು ಬೆಳಕಿನ ವಕ್ರೀಭವನದ ಪ್ರಬಂಧವೂ ‘ಜ್ಯಾಮಿತಿ’ಯ ಜೊತೆಯಲ್ಲೇ ಅಚ್ಚಾಗಿತ್ತು.

ಅಕ್ಷದ ಮೇಲೆ ಕೇಂದ್ರವಿರುವ ವೃತ್ತ ವಕ್ರರೇಖೆಯನ್ನು ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಬಿಂದುಗಳಲ್ಲಿ ಕಡಿಯುತ್ತದೆ. ಆ ಎರಡೂ ಒಂದಾದಾಗ ವೃತ್ತ ವಕ್ರವನ್ನು ಸ್ಪರ್ಶಿಸುತ್ತದೆ, ತ್ರಿಜ್ಯವೇ ಲಂಬವಾಗುತ್ತದೆ. ಪರವಲಯ ರ² = 4ಯ (ಇಲ್ಲಿ ಯ ಅಕ್ಷದ ಉದ್ದಕ್ಕೂ ಅಳೆದ ದೂರ, ರ ಅಕ್ಷದಿಂದ ಇರುವ ಎತ್ತರ), ಬಿಂದು ಯ = 1, ರ = 2 ಎಂದಿರಲಿ. ಕೇಂದ್ರ ಅಕ್ಷದ ಮೇಲೆ ವ ದೂರದಲ್ಲಿ, ತ್ರಿಜ್ಯ ಸ. ವೃತ್ತದ ಸಮೀಕರಣದಲ್ಲಿ ರ² ಇರುವಲ್ಲಿ 4ಯ ಇಟ್ಟರೆ ಯ² + (4 − 2ವ)ಯ + ವ² − ಸ² = 0. ಇದು (ಯ − 1)² = ಯ² − 2ಯ + 1 ಆಗಬೇಕು. ನಡುವಿನ ಪದಗಳನ್ನು ಹೋಲಿಸಿ: 4 − 2ವ = −2, ಅಂದರೆ ವ = 3. ಅಕ್ಷದ ಮೇಲೆ 3ರಲ್ಲಿ ಮುಳ್ಳೂರಿ ಆ ಬಿಂದುವಿನ ಮೂಲಕ ವೃತ್ತ ಎಳೆಯಿರಿ, ಪರವಲಯವನ್ನು ಅದು ಕಡಿಯದೆ ತಾಕಿ ಹೋಗುತ್ತದೆ.

ತೊಡಕು ಬರುವುದು ಘಾತ ಏರಿದಾಗ. ರ = ಯ³ ಎಂದರೆ ಆರನೆಯ ಘಾತದ ಸಮೀಕರಣ: ಯ⁶ + ಯ² − 2ವಯ + ವ² − ಸ² = 0. ಡೆಕಾರ್ಟ್‌ನ ದಾರಿಯಲ್ಲಿ (ಯ − 1)² ನಂಥ ವರ್ಗವನ್ನು ನಾಲ್ಕನೆಯ ಘಾತದ ಬಹುಪದವೊಂದರಿಂದ ಗುಣಿಸಿ, ಬಂದದ್ದನ್ನು ಇದರೊಡನೆ ಹೋಲಿಸಬೇಕು. ಒಂದು ಪುಟ ತುಂಬುತ್ತದೆ, ಚಿಹ್ನೆ ತಪ್ಪುವುದೂ ಅಲ್ಲೇ. ಅದಕ್ಕೆ ಡಚ್ ಗಣಿತಜ್ಞ ಯೋಹಾನ್ನೆಸ್ ಹುಡೆ ಕೊಟ್ಟ ಉಪಾಯ ಬಳಸಿ: ಪ್ರತಿ ಪದವನ್ನೂ ಅದರ ಘಾತಾಂಕದಿಂದ ಗುಣಿಸಿ ಸೊನ್ನೆಗೆ ಸಮ ಮಾಡಿ. 6ಯ⁶ + 2ಯ² − 2ವಯ = 0, ಆದ್ದರಿಂದ ವ = 3ಯ⁵ + ಯ. ಯ = 1 ಆದರೆ ಕೇಂದ್ರ 4ರಲ್ಲಿ. ಒಂದೇ ಸಾಲು. ಘಾತಾಂಕದಿಂದ ಗುಣಿಸುವ ಈ ಸಾಲು ಕಲನಶಾಸ್ತ್ರ ಓದಿದವರಿಗೆ ಕೂಡಲೇ ಗುರುತು ಸಿಗುತ್ತದೆ. ಇನ್ನೊಬ್ಬ ಡಚ್ ಗಣಿತಜ್ಞ ವಾನ್ ಸ್ಕೂಟೆನ್ 1659ರಲ್ಲಿ ಹೊರತಂದ ‘ಜ್ಯಾಮಿತಿ’ಯ ಲ್ಯಾಟಿನ್ ಆವೃತ್ತಿಯಲ್ಲಿ ಹುಡೆಯ ನಿಯಮವೂ ಸೇರಿತ್ತು. 1664ರಲ್ಲಿ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದ ನ್ಯೂಟನ್ ಓದಿದ್ದು ಆ ಆವೃತ್ತಿಯನ್ನು.