ಮಾಸಿನ ತೊಂದ್ರೆ ನಾನು ಹೇಗೆ ಹುಡುಕ್ತೇನೆ

ಉಡುಪಿಯಲ್ಲಿ ಚೊಚ್ಚಲ ಬಸುರಿಯರು ಸುಮಾರು ಜನ ಸೀಮಂತ ಮುಗಿಸಿ ಮುಂಬೈಯಿಂದಲೋ ಬೆಂಗ್ಳೂರಿಂದಲೋ ತಾಯಿಮನೆಗೆ ಬರೋದು, ಹಾಗಾಗಿ ನನ್ನ ಕೈಗೆ ಫೈಲ್ ಸಿಗುವಾಗ ಏಳು ತಿಂಗ್ಳು ಆಗಿರ್ತದೆ. ಮಾಸು (ಪ್ಲಾಸೆಂಟಾ, ಹೊಟ್ಟೆಯಲ್ಲಿ ಮಗುವಿಗೆ ಆಹಾರ, ಆಮ್ಲಜನಕ ತಲುಪಿಸೋ ಅಂಗ) ಮುಂದೆ ಕೈಕೊಡ್ತದಾ ಅಂತ ಅಂದಾಜು ಮಾಡ್ಲಿಕ್ಕೆ ಒಳ್ಳೆ ಟೈಮ್ 11ರಿಂದ 13 ವಾರ, ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್), ರಕ್ತದಲ್ಲಿ ಪಿಎಲ್‌ಜಿಎಫ್ (ಮಾಸಿನಿಂದ ಬರುವ ಪ್ರೋಟೀನ್, ಮಾಸು ಸರಿ ಇಲ್ಲದಿದ್ರೆ ಇಳೀತದೆ) ಮೂರನ್ನೂ ಸೇರಿಸಿ ನೋಡ್ಬೇಕು. ರಿಸ್ಕ್ ಜಾಸ್ತಿ ಕಂಡ್ರೆ 16 ವಾರದೊಳಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್, 2017ರ ಆಸ್ಪ್ರೆ ಅನ್ನೋ ಆಸ್ಪಿರಿನ್ ಟ್ರಯಲ್‌ನಲ್ಲಿ ಇದ್ರಿಂದ 37 ವಾರದ ಮೊದ್ಲೇ ಬರುವ ಪ್ರಿಎಕ್ಲಾಂಪ್ಸಿಯಾ (ಮಾಸಿನ ತೊಂದ್ರೆಯಿಂದ ಬಿಪಿ ಏರಿ ತಾಯಿ, ಮಗು ಇಬ್ರಿಗೂ ಅಪಾಯ ತರುವ ಕಾಯಿಲೆ) 62% ಕಮ್ಮಿ ಆಗಿತ್ತು. ಏಳನೇ ತಿಂಗ್ಳಲ್ಲಿ ಆ ಅವಕಾಶ ಇಲ್ಲ, ಇರೋದನ್ನು ಬೇಗ ಹಿಡೀಬೇಕು ಅಷ್ಟೆ.

ಕುಂದಾಪುರ ಕಡೆಯ ಒಬ್ರು 31 ವಾರಕ್ಕೆ ಬಂದ್ರು, ಬಿಪಿ 138/88, ಸ್ವಲ್ಪ ತಲೆನೋವು. ಮಗುವಿನ ಹೊಟ್ಟೆ ಸುತ್ತಳತೆ 10ನೇ ಸೆಂಟೈಲ್‌ಗಿಂತ ಕೆಳಗೆ, ಅಂದ್ರೆ ಅದೇ ವಾರದ ನೂರು ಮಕ್ಕಳಲ್ಲಿ ತೀರಾ ಸಣ್ಣ ಹತ್ತರೊಳಗೆ. "ನಮ್ಮ ಮನೆಯವ್ರೆಲ್ಲ ಸಣ್ಣವೇ ಡಾಕ್ಟ್ರೇ" ಅಂದ್ರು ಅವ್ರ ಅಮ್ಮ. ಇರ್ಬಹುದು ಅಮ್ಮ, ಆದ್ರೂ ಹೊಕ್ಕುಳಬಳ್ಳಿ ನೋಡುವ ಅಂದೆ. ಇಲ್ಲಿ ಅವಸರ ಮಾಡ್ಲೇಬಾರ್ದು: ಬಳ್ಳಿ ನೀರಲ್ಲಿ ತೇಲ್ತಾ ಇರುವ ಜಾಗದಲ್ಲಿ ಡಾಪ್ಲರ್ ಇಡ್ಬೇಕು, ಮಗು ಅಲ್ಲಾಡುವಾಗ ಅಲ್ಲ, ಮೆಷಿನ್ನಿನ ವಾಲ್ ಫಿಲ್ಟರ್ (ನಿಧಾನದ ಹರಿವನ್ನು ಅಳಿಸುವ ಸೆಟ್ಟಿಂಗ್) ತೀರಾ ಕೆಳಗಿಳಿಸ್ಬೇಕು, ಇಲ್ಲಾಂದ್ರೆ ಎರಡು ಬಡಿತದ ನಡುವಿನ ಸಣ್ಣ ಹರಿವನ್ನು ಮೆಷಿನ್ನೇ ಅಳಿಸಿಬಿಡ್ತದೆ, ನಾವು ಹರಿವೇ ಇಲ್ಲ ಅಂತ ರಿಪೋರ್ಟ್ ಬರೀತೇವೆ. ಇವ್ರಲ್ಲಿ ಹರಿವು ಇತ್ತು, ಆದ್ರೆ ತಡೆ ಜಾಸ್ತಿ, ಗರ್ಭಕೋಶದ ಎರಡೂ ಕಡೆಯ ರಕ್ತನಾಳದ ಡಾಪ್ಲರ್ ಅಲೆಯಲ್ಲಿ ನಾಚ್ (ಹರಿವು ಸರಾಗ ಇಲ್ಲ ಅಂತ ತೋರಿಸುವ ಕಚ್ಚು).

ರಕ್ತದಲ್ಲಿ ಎಸ್‌ಫ್ಲಿಟ್-1 (ಮಾಸು ಕೆಟ್ಟಾಗ ಏರುವ ಪ್ರೋಟೀನ್), ಪಿಎಲ್‌ಜಿಎಫ್ ಅನುಪಾತಕ್ಕೆ ಕಳಿಸಿದೆ. 38 ಅಥವಾ ಕಮ್ಮಿ ಬಂದ್ರೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರೋ ಸಾಧ್ಯತೆ ತೀರಾ ಕಮ್ಮಿ, ಆ ಧೈರ್ಯ ಒಂದು ವಾರಕ್ಕೆ ಮಾತ್ರ. 34 ವಾರದೊಳಗೆ 85 ದಾಟಿದ್ರೆ ಗಂಭೀರ. ಇವ್ರದ್ದು ದಾಟಿತ್ತು. ಅಡ್ಮಿಟ್ ಮಾಡಿ ಮಗುವಿನ ಶ್ವಾಸಕೋಶಕ್ಕೆ ಬೀಟಾಮೆಥಾಸೋನ್ ಕೊಟ್ಟೆವು. ಆದ್ರೆ ಹೆರಿಗೆ ಯಾವಾಗ ಅಂತ ಆ ನಂಬರ್ ನೋಡಿ ತೀರ್ಮಾನ ಮಾಡ್ಲಿಲ್ಲ, ಮಾಡ್ಲೂಬಾರ್ದು. ಬಿಪಿ, ಲಿವರ್ ಟೆಸ್ಟ್, ಪ್ಲೇಟ್‌ಲೆಟ್, ಮಗುವಿನ ಡಾಪ್ಲರ್ ದಿನಾ ನೋಡ್ತಾ ಹೋದೆವು, ಬಿಪಿ ಹಿಡಿತ ತಪ್ಪಿದಾಗ ಸಿಸೇರಿಯನ್ ಮಾಡಿದೆವು. ಮಗು ಎನ್‌ಐಸಿಯುನಲ್ಲಿ ಇದ್ದು ಆರಾಮಾಗಿ ಮನೆಗೆ ಹೋಯ್ತು.

ಇನ್ನೊಂದು ಹೇಳ್ಲೇಬೇಕು, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ನೋವು, ಬ್ಲೀಡಿಂಗ್ ಇದ್ರೆ ಸ್ಕ್ಯಾನ್ ಕ್ಲಿಯರ್ ಬಂತು ಅಂತ ಮನೆಗೆ ಕಳಿಸ್ಬಾರ್ದು. ಮಾಸು ಕಿತ್ತು ಬಂದದ್ದು ಎಷ್ಟೋ ಸಲ ಸ್ಕ್ಯಾನಲ್ಲಿ ಕಾಣೋದೇ ಇಲ್ಲ.

ಊರಿಗೆ ಬರ್ತೇನೆ ಅಂತ ಫೋನ್ ಮಾಡುವವ್ರಿಗೆ ಈಗ ನಾನು ಮೊದ್ಲು ಕೇಳೋದು ಎಷ್ಟನೇ ವಾರ ಅಂತ, 12 ಆಸುಪಾಸು ಆದ್ರೆ ಅಲ್ಲೇ ಈ ಟೆಸ್ಟ್ ಮಾಡಿಸಿ ಅಂತೇನೆ.