ಇಡೀ ಶೋ ಅಲ್ಲ, ಒಂದು ಹಾಡು: ಗ್ರೇಟ್‌ಫುಲ್ ಡೆಡ್ ಲೈವ್ ರೆಕಾರ್ಡಿಂಗ್‌ಗಳನ್ನು ನಾನು ಹೋಲಿಸಿ ಕೇಳುವ ಬಗೆ

ಗ್ರೇಟ್‌ಫುಲ್ ಡೆಡ್ ಕೇಳಲು ಶುರು ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ: ಯಾವ ಶೋ ಬೆಸ್ಟ್? ಕ್ಯಾಲಿಫೋರ್ನಿಯಾದ ಈ ಬ್ಯಾಂಡ್ 1965ರಿಂದ 1995ರವರೆಗೆ ಸುಮಾರು 2,300 ಶೋ ಕೊಟ್ಟಿತು. ಅದರಲ್ಲಿ ಬಹುಪಾಲು ಟೇಪ್ ಆಗಿವೆ. ಅಭಿಮಾನಿಗಳು ಮೈಕ್ ಹಿಡಿದು ಬರುವುದನ್ನು ಬ್ಯಾಂಡ್ ತಡೆಯಲಿಲ್ಲ. 1984ರಲ್ಲಿ ಅವರಿಗೆಂದೇ ಹಾಲ್‌ನಲ್ಲಿ ಬೇರೆ ಜಾಗ ಕೊಟ್ಟರು. ಇಷ್ಟೊಂದು ರಾಶಿಯನ್ನು ಶೋ ಲೆಕ್ಕದಲ್ಲಿ ತೂಗಲು ಹೋದರೆ ತಲೆ ಕೆಡುತ್ತದೆ. ಅದಕ್ಕೇ ನಾನು ಒಂದು ಹಾಡು ಹಿಡಿದು ಕೂರುತ್ತೇನೆ. ಒಬ್ಬರೇ ವಿದ್ವಾಂಸರ ತೋಡಿಯನ್ನು ನಾಲ್ಕು ಕಚೇರಿಗಳಲ್ಲಿ ಕೇಳಿದವರಿಗೆ ಇದರ ರುಚಿ ಗೊತ್ತಿರುತ್ತದೆ.

ನಾನು ಮೊದಲು ಹಿಡಿದಿದ್ದು ‘ಡಾರ್ಕ್ ಸ್ಟಾರ್’. ಹಾಡಿನ ಸಾಲು ಕಡಿಮೆ, ನಡುವೆ ಮನೋಧರ್ಮಕ್ಕೆ ಬಿಟ್ಟ ಬಯಲು ದೊಡ್ಡದು. 1969ರ ಫೆಬ್ರವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್‌ನಲ್ಲಿ ನುಡಿಸಿದ್ದು ‘ಲೈವ್/ಡೆಡ್’ ಆಲ್ಬಂನಲ್ಲಿದೆ, 23 ನಿಮಿಷ. ಚೊಕ್ಕಟವಾಗಿದೆ, ಎಲ್ಲೂ ಕಾಲು ಜಾರುವುದಿಲ್ಲ. ಒಂದು ವರ್ಷ ಬಿಟ್ಟು, 1970ರ ಫೆಬ್ರವರಿ 13ರಂದು ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್‌ನಲ್ಲಿ ಅದೇ ಹಾಡು ನಡುವೆ ಬಹುತೇಕ ಮೌನಕ್ಕೆ ಇಳಿಯುತ್ತದೆ. ಅಷ್ಟು ಜನರ ಮುಂದೆ ಅಷ್ಟು ಸಣ್ಣಗೆ ನುಡಿಸಲು ಧೈರ್ಯ ಬೇಕು, ಅಲ್ವಾ?

ನನ್ನ ಮನಸ್ಸು ನಿಂತಿದ್ದು ಮಾತ್ರ ಮೂರನೆಯದರ ಮೇಲೆ. 1972ರ ಆಗಸ್ಟ್ 27, ಆರೆಗನ್ ರಾಜ್ಯದ ವೆನೀಟಾ. ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಎಂಬ ಡೈರಿಯ ಸಹಾಯಾರ್ಥ ಬಯಲಲ್ಲಿ ನಡೆದ ಶೋ. ಬಿಸಿಲು 38 ಡಿಗ್ರಿ ದಾಟಿತ್ತು, ತಂತಿಗಳು ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ಆ ಅರ್ಧ ಗಂಟೆ ಬೇರೆಯೇ. ಕಾರಣ ಹುಡುಕಿದಾಗ ನನಗೆ ಸಿಕ್ಕಿದ್ದು ಡ್ರಮ್ಸ್. ಇಬ್ಬರು ಡ್ರಮ್ಮರ್‌ಗಳಲ್ಲಿ ಒಬ್ಬರಾದ ಮಿಕ್ಕಿ ಹಾರ್ಟ್ 1971ರಲ್ಲಿ ಬ್ಯಾಂಡ್ ಬಿಟ್ಟಿದ್ದರು. ಹಾಗಾಗಿ ಇಲ್ಲಿ ಬಿಲ್ ಕ್ರೂಟ್ಸ್‌ಮನ್ ಒಬ್ಬರೇ. ಇಬ್ಬರು ನುಡಿಸುವಾಗ ಲಯಕ್ಕೆ ತೂಕ ಬರುತ್ತದೆ, ತಿರುಗಲು ಸಮಯ ಬೇಕಾಗುತ್ತದೆ. ಒಬ್ಬರೇ ಇದ್ದಾಗ ಜೆರ್ರಿ ಗಾರ್ಸಿಯಾ ಗಿಟಾರ್ ಎತ್ತ ಹೊರಳಿದರೂ ಡ್ರಮ್ಸ್ ತಕ್ಷಣ ಜೊತೆಗಿರುತ್ತದೆ. ಕೀತ್ ಗಾಡ್‌ಷೋ ಅವರ ಪಿಯಾನೋ ಆ ಸಂದಿಗಳಲ್ಲಿ ಓಡಾಡುತ್ತದೆ. ಅಷ್ಟೆಲ್ಲ ದೂರ ಹೋಗಿ ಬಂದವರು ಕೊನೆಗೆ ‘ಎಲ್ ಪಾಸೋ’ ಎಂಬ ಕೌಬಾಯ್ ಹಾಡಿಗೆ ಸಲೀಸಾಗಿ ದಾಟಿಬಿಡುತ್ತಾರೆ!

ಇನ್ನು ಕಾರ್ನೆಲ್. 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಅತಿ ಹೆಚ್ಚು ಹೊಗಳಿಸಿಕೊಂಡ ಟೇಪ್ ಇದೇ ಇರಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ರೆಕಾರ್ಡಿಂಗ್ ಪಟ್ಟಿಗೂ ಸೇರಿಸಿಕೊಂಡಿದೆ. ನನಗೆ ಒಂದು ಅನುಮಾನವಿತ್ತು. ಹೊಗಳಿಕೆ ನುಡಿಸಿದ್ದಕ್ಕಾ, ಇಲ್ಲ ಟೇಪಿನ ಸ್ಪಷ್ಟತೆಗಾ? ಅದನ್ನು ಸೌಂಡ್‌ಬೋರ್ಡ್‌ನಿಂದ, ಅಂದರೆ ವೇದಿಕೆಯ ಮೈಕ್‌ಗಳೆಲ್ಲ ಬಂದು ಸೇರುವ ಮಿಕ್ಸರ್‌ನಿಂದ ನೇರವಾಗಿ, ಹಿಡಿದವರು ಬ್ಯಾಂಡಿನ ರೆಕಾರ್ಡಿಂಗ್ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ಜನರ ನಡುವೆ ಹಿಡಿದ ಮಸುಕು ಟೇಪನ್ನು ಇದರ ಪಕ್ಕ ಇಟ್ಟರೆ ನ್ಯಾಯವಾಗುವುದಿಲ್ಲ. ಹಾಗಾಗಿ ಮರುದಿನದ್ದನ್ನು ತೆಗೆದುಕೊಂಡೆ: ಮೇ 9, ಬಫಲೋ ನಗರ. ಅದೇ ಪ್ರವಾಸ, ಅದೇ ಬೆಟ್ಟಿ. ಎರಡರ ವಾಲ್ಯೂಮನ್ನೂ ಕಿವಿಗೆ ಸಮ ಮಾಡಿಕೊಂಡೆ. ಇದನ್ನು ಬಿಡಲೇಬಾರದು, ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಒಂದೇ ಹೆಡ್‌ಫೋನ್, ಕೈಯಲ್ಲಿ ಪೆನ್ಸಿಲ್. ಮೈ ನವಿರೆದ್ದ ಕಡೆ ನಿಮಿಷ ಬರೆದುಕೊಳ್ಳುತ್ತೇನೆ, ಬೇರೇನೂ ಇಲ್ಲ.

ಬಫಲೋ ಶುರುವಾಗುವುದೇ ‘ಹೆಲ್ಪ್ ಆನ್ ದ ವೇ’, ‘ಸ್ಲಿಪ್‌ನಾಟ್’, ‘ಫ್ರ್ಯಾಂಕ್ಲಿನ್ಸ್ ಟವರ್’ ಮೂರನ್ನೂ ಒಂದೇ ಉಸಿರಿಗೆ ಪೋಣಿಸಿ. ಮೊದಲ ಹಾಡಿಗೇ ಇಷ್ಟು ಬಿಗಿ! ಶುರುವಿನ ಮಟ್ಟಿಗೆ ಬಫಲೋನೇ ಮೇಲು.

ಎರಡನೇ ಸೆಟ್‌ಗೆ, ಅಂದರೆ ಬಿಡುವಿನ ನಂತರದ ಭಾಗಕ್ಕೆ, ಬಂದರೆ ಕಾರ್ನೆಲ್ ಗೆಲ್ಲುತ್ತದೆ, ಅದೂ ಟೇಪಿನ ಸಹಾಯ ಇಲ್ಲದೆ. ‘ಸ್ಕಾರ್ಲೆಟ್ ಬಿಗೋನಿಯಾಸ್’ನಿಂದ ‘ಫೈರ್ ಆನ್ ದ ಮೌಂಟನ್’ಗೆ ದಾಟುವ ಜಾಗ ಕೇಳಿ. ಎರಡನೇ ಹಾಡಿಗೆ ಇರುವುದೇ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಸ್ಕಾರ್ಲೆಟ್ ಇನ್ನೂ ತೇಲುತ್ತಿರುವಾಗಲೇ ಫಿಲ್ ಲೆಶ್ ಬಾಸ್ ಅತ್ತ ವಾಲುತ್ತದೆ, ಉಳಿದವರು ಒಬ್ಬೊಬ್ಬರಾಗಿ ಸೇರುತ್ತಾರೆ. ಗೆರೆ ಎಲ್ಲಿ ದಾಟಿದರು ಎಂದು ಬೆರಳಿಟ್ಟು ತೋರಿಸಲು ನನಗೆ ಇವತ್ತಿಗೂ ಆಗಿಲ್ಲ. ಹಿಂದೆಯೇ ‘ಎಸ್ಟಿಮೇಟೆಡ್ ಪ್ರಾಫೆಟ್’ ಬರುತ್ತದೆ, ಏಳರ ಲೆಕ್ಕ. ಮಿಶ್ರಛಾಪು ರೂಢಿಯಿರುವವರು ಸುಮ್ನೆ ಕೈಯಲ್ಲಿ ತಾಳ ಹಾಕಿ ನೋಡಿ. ಅಷ್ಟರಲ್ಲಿ ವಾಪಸ್ ಬಂದಿದ್ದ ಹಾರ್ಟ್, ತಬಲಾದ ಉಸ್ತಾದ್ ಅಲ್ಲಾ ರಖಾ ಅವರ ಹತ್ತಿರ ಕಲಿತವರು. ಇಬ್ಬರು ಡ್ರಮ್ಮರ್‌ಗಳ ತೂಕ ಈ ಹಾಡಿಗೆ ಒಪ್ಪುತ್ತದೆ.

ಸೆಟ್ ಮುಗಿಸುವ ‘ಮಾರ್ನಿಂಗ್ ಡ್ಯೂ’ ಕೊನೆಯ ಭಾಗದಲ್ಲಿ ಗಾರ್ಸಿಯಾ ತೀರಾ ಮೆತ್ತಗಾಗಿ, ಅಲ್ಲಿಂದ ಮೆಲ್ಲಗೆ ಏರುತ್ತ ಹೋಗಿ, ಕಡೆಗೆ ತಂತಿಗಳನ್ನೆಲ್ಲ ಒಟ್ಟಿಗೆ ಜೋರಾಗಿ ಬಾರಿಸುತ್ತಾರೆ. ನನ್ನ ಹಾಳೆಯಲ್ಲಿ ಪೆನ್ಸಿಲ್ ಗುರುತು ಜಾಸ್ತಿ ಬಿದ್ದಿರುವುದು ಅಲ್ಲೇ.

ಹೊಸಬರು ಕೇಳಿದರೆ ಬಫಲೋದ ಆ ಮೊದಲ ಮೂರು ಹಾಡು, ಆಮೇಲೆ ಕಾರ್ನೆಲ್‌ನ ಎರಡನೇ ಸೆಟ್ ಎನ್ನುತ್ತೇನೆ. ವೆನೀಟಾ ಡಾರ್ಕ್ ಸ್ಟಾರ್‌ಗೆ ಅರ್ಧ ಗಂಟೆ ಪೂರ್ತಿ ಬಿಡುವಿರುವ ದಿನ ಬೇಕು.