ಮಳೆಗಾಲದಲ್ಲಿ ಉಬ್ಬುವ ರೈಫಲ್ ಸ್ಟಾಕ್‌ಗೆ ಪರಿಹಾರ

ಕೊಡಗಿನ ಮಳೆಗೆ ನನ್ನ .22 ರೈಫಲ್‌ನ ಮರದ ಸ್ಟಾಕ್ (ನಳಿಗೆಯನ್ನು ಹೊತ್ತು, ಭುಜಕ್ಕೆ ಆನಿಸುವ ಭಾಗ) ಉಬ್ಬಿ ನಳಿಗೆಯನ್ನು ಒಂದು ಬದಿಯಿಂದ ಒತ್ತುತ್ತಿತ್ತು. ಬೇಸಿಗೆಯಲ್ಲಿ ಹೊಂದಿಸಿದ ಗುರಿ ಸೆಪ್ಟೆಂಬರ್‌ನಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದಿನ ಹೊತ್ತಿಗೆ ತಪ್ಪುತ್ತಿತ್ತು. ಅಗಸೆ ಎಣ್ಣೆ ಹೊಳಪು ಕೊಟ್ಟಿತೇ ಹೊರತು ತೇವ ತಡೆಯಲಿಲ್ಲ. ಹೊರಮೈಗೆ ಬಳಿದ ವಾರ್ನಿಷ್ ಕಥೆಯೂ ಅಷ್ಟೇ. ಮರ ನೀರು ಕುಡಿಯುವುದು ಕಣ್ಣಿಗೆ ಬೀಳದ ಕಡೆ: ನಳಿಗೆ ಕೂರುವ ತೋಡು, ಸ್ಕ್ರೂ ತೂತು, ಹಿಂಬದಿಯ ರಬ್ಬರ್ ಪಟ್ಟಿಯಡಿಯ ಅಡ್ಡ ಕೊಯ್ತ (ಮರದ ಎಳೆಗಳನ್ನು ಅಡ್ಡಲಾಗಿ ಕತ್ತರಿಸಿದ ತುದಿ).

ಗುಂಡು ಇಲ್ಲವೆಂದು ಖಚಿತಪಡಿಸಿಕೊಂಡು ಲೋಹದ ಭಾಗ ಬಿಚ್ಚಿದೆ. ಸ್ಟಾಕ್ ಪೂರ್ತಿ ಒಣಗಿದ ಮೇಲೆಯೇ ತೋಡನ್ನು ಉಜ್ಜಿ ನಳಿಗೆಗೂ ಮರಕ್ಕೂ ನಡುವೆ 1.5 ಮಿ.ಮೀ. ಸಂದು ಮಾಡಿದೆ. ಪಾಲಿಯುರೆಥೇನ್ ವಾರ್ನಿಷ್‌ಗೆ ಸಮಪಾಲು ಟರ್ಪಂಟೈನ್ ಬೆರೆಸಿ ಮೊದಲು ಒಳಭಾಗಕ್ಕೆ ಹಚ್ಚಿದೆ. ಅಡ್ಡ ಕೊಯ್ತ ಹೀರುವುದನ್ನು ನಿಲ್ಲಿಸುವವರೆಗೂ ಹಚ್ಚುತ್ತಲೇ ಇರಬೇಕು. ಲೇಪಗಳ ನಡುವೆ 24 ಗಂಟೆ ಬಿಟ್ಟು, 320 ನಂಬರಿನ ಮರಳು ಕಾಗದದಿಂದ ಹಗುರವಾಗಿ ತಿಕ್ಕಬೇಕು. ಕೊನೆಯ ಎರಡು ಲೇಪಕ್ಕೆ ಟರ್ಪಂಟೈನ್ ಬೇಡ. ಜೋಡಿಸಿದ ಮೇಲೆ ಅಂಚೆ ಕಾರ್ಡು ನಳಿಗೆಯಡಿ ಎಲ್ಲಿಯೂ ಸಿಕ್ಕಿಕೊಳ್ಳದೆ ಸರಿಯಬೇಕು.